ಎರಡನೇ ಕೀಪರ್ ಯಾರು? ಮಳೆಗಾಲದಲ್ಲೇ ತೀರ್ಮಾನಿಸಿಕೊಳ್ಳಿ

ಬೆಂಗಳೂರಿನ ಲೀಗ್ ಕ್ರಿಕೆಟ್ ಕ್ಲಬ್‌ಗಳಲ್ಲಿ ಸೀಸನ್ ಮುಗಿದ ಮೇಲೆ ಕೂತು ಮಾತಾಡುವಾಗ ಓಪನರ್ ಬಗ್ಗೆ ಅರ್ಧ ಗಂಟೆ, ಎಡಗೈ ಸ್ಪಿನ್ನರ್ ಬಗ್ಗೆ ಅರ್ಧ ಗಂಟೆ ಹೋಗುತ್ತದೆ. ಎರಡನೇ ಕೀಪರ್ ವಿಷಯ ಬಂದರೆ ಮಾತ್ರ "ಯಾರೋ ಒಬ್ಬರು ನಿಂತ್ಕೋತಾರೆ ಬಿಡಪ್ಪ" ಅಂತ ಮುಗಿಸಿಬಿಡುತ್ತಾರೆ. ಆ ಯಾರೋ ಒಬ್ಬರು 50 ಓವರ್‌ಗಳಲ್ಲಿ 20 ಬೈ (ಬ್ಯಾಟಿಗೆ ತಾಗದೆ ಕೀಪರ್‌ನನ್ನೂ ದಾಟಿದ ಚೆಂಡಿಗೆ ಓಡುವ ರನ್), ಒಂದು ಸ್ಟಂಪಿಂಗ್, ಎರಡು ಕ್ಯಾಚ್ ಬಿಟ್ಟುಕೊಟ್ಟರೆ ನಿಮ್ಮ ಓಪನರ್ ಹೊಡೆದ ಅರ್ಧಶತಕ ಅಲ್ಲಿಗೇ ಕರಗಿತು. ಆಟಗಾರರ ನೋಂದಣಿ ಪಟ್ಟಿ ಮುಚ್ಚುವ ಮೊದಲೇ ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಆಮೇಲೆ ಹುಡುಕಿದರೆ ಸಿಗುವುದು ಗ್ಲೌಸ್ ಇರುವವನು, ಕೀಪರ್ ಅಲ್ಲ.

ಮೊದಲು ಕ್ಯಾಲೆಂಡರ್

ಈಗಿರುವ ಕೀಪರ್ ಜತೆ ಕೂತು ಅವನು ಬರಲಾಗದ ದಿನಗಳನ್ನು ಗುರುತು ಹಾಕಿಕೊಳ್ಳಿ. ಬೆಂಗಳೂರಿನಲ್ಲಿ ಕೀಪರ್ ತಪ್ಪಿಸಿಕೊಳ್ಳುವುದು ಗಾಯದಿಂದ ಮಾತ್ರವಲ್ಲ. ಸೆಮಿಸ್ಟರ್ ಪರೀಕ್ಷೆ, ವೀಕೆಂಡ್ ಆನ್‌ಕಾಲ್ ಡ್ಯೂಟಿ, ದೀಪಾವಳಿಗೆ ಊರು, ಅಕ್ಕನ ಮಗನ ಮದುವೆ, ಇವೆಲ್ಲ ಮೊದಲೇ ಗೊತ್ತಿರುವ ತಾರೀಖುಗಳು. ಅದರ ಮೇಲೆ ಬೆರಳಿನ ಪೆಟ್ಟಿಗೆ ಅಂತ ಇನ್ನೆರಡು ಪಂದ್ಯ ಸೇರಿಸಿ.

ಒಟ್ಟು ಎರಡೋ ಮೂರೋ ಪಂದ್ಯ ಬಂದರೆ ಹನ್ನೊಂದರಲ್ಲೇ ಇರುವ ಒಬ್ಬ ಬ್ಯಾಟ್ಸ್‌ಮನ್‌ನನ್ನು ತಯಾರು ಮಾಡಿದರೆ ಸಾಕು. ನಾಲ್ಕು ದಾಟಿದರೆ ಕೀಪಿಂಗನ್ನೇ ಕೆಲಸ ಮಾಡಿಕೊಂಡ ಇನ್ನೊಬ್ಬ ಬೇಕು. ಮೊದಲನೇ ದಾರಿಗೆ ನಮ್ಮೂರಲ್ಲೇ ದೊಡ್ಡ ಉದಾಹರಣೆಗಳಿವೆ: 2003ರ ವಿಶ್ವಕಪ್‌ನಲ್ಲಿ ದ್ರಾವಿಡ್ ಗ್ಲೌಸ್ ಹಾಕಿಕೊಂಡಿದ್ದರಿಂದ ತಂಡಕ್ಕೆ ಒಬ್ಬ ಬ್ಯಾಟ್ಸ್‌ಮನ್ ಹೆಚ್ಚು ಸಿಕ್ಕಿದ, 2023ರ ವಿಶ್ವಕಪ್‌ನಲ್ಲಿ ಕೆ.ಎಲ್. ರಾಹುಲ್ ಅದೇ ಕೆಲಸ ಮಾಡಿದರು. ಆದರೆ ಅವರಿಬ್ಬರೂ ಅದಕ್ಕಾಗಿ ನೆಟ್ಸ್‌ನಲ್ಲಿ ಬೆವರು ಸುರಿಸಿದವರು. ನಿಮ್ಮ ನಂ. 4 ಬ್ಯಾಟ್ಸ್‌ಮನ್ ಸ್ಲಿಪ್‌ನಲ್ಲಿ ಚೆನ್ನಾಗಿ ಹಿಡಿಯುತ್ತಾನೆ ಅನ್ನುವುದು ಅರ್ಹತೆಯಲ್ಲ. ಸ್ಲಿಪ್‌ನಲ್ಲಿ ಚೆಂಡು ಅಪರೂಪಕ್ಕೆ ಬರುತ್ತದೆ; ಕೀಪರ್ 50 ಓವರ್‌ಗಳಲ್ಲಿ ಕಡಿಮೆ ಅಂದರೂ 300 ಸಲ ಕೂತು ಏಳಬೇಕು.

ಬೌಲರ್‌ಗಳನ್ನು ನೋಡಿ ಕೀಪರ್ ಆರಿಸಿ

ಹೆಚ್ಚಿನ ಕ್ಲಬ್‌ಗಳು ಎಡವುವುದು ಇಲ್ಲೇ. ಇಬ್ಬರಲ್ಲಿ ಯಾರು ಚೆನ್ನಾಗಿ ಬ್ಯಾಟ್ ಮಾಡುತ್ತಾರೋ ಅವರಿಗೆ ಗ್ಲೌಸ್ ಕೊಟ್ಟುಬಿಡುತ್ತಾರೆ. ಅದರ ಬದಲು ಹಿಂದಿನ ಸೀಸನ್‌ನ ಸ್ಕೋರ್‌ಬುಕ್ ತೆಗೆದು ನಿಮ್ಮ ಓವರ್‌ಗಳಲ್ಲಿ ಎಷ್ಟು ಸ್ಪಿನ್, ಎಷ್ಟು ವೇಗ ಅಂತ ಎಣಿಸಿ. ಅರ್ಧಕ್ಕಿಂತ ಹೆಚ್ಚು ಸ್ಪಿನ್ ಇದ್ದರೆ ಸ್ಟಂಪ್ಸ್‌ಗೆ ಅಂಟಿ ನಿಲ್ಲಬಲ್ಲವನೇ ಬೇಕು, ಅವನು 9ನೇ ಕ್ರಮಾಂಕದಲ್ಲಿ ಆಡಿದರೂ ಚಿಂತೆಯಿಲ್ಲ. ಸೈಯದ್ ಕಿರ್ಮಾನಿ ಕರ್ನಾಟಕಕ್ಕೂ ಭಾರತಕ್ಕೂ ಸ್ಪಿನ್ನರ್‌ಗಳಾದ ಪ್ರಸನ್ನ, ಚಂದ್ರಶೇಖರ್ ಇಬ್ಬರಿಗೂ ಕೀಪ್ ಮಾಡಿದವರು. 88 ಟೆಸ್ಟ್‌ಗಳಲ್ಲಿ ಅವರ ಲೆಕ್ಕ 160 ಕ್ಯಾಚ್, 38 ಸ್ಟಂಪಿಂಗ್. ಆ 38 ಬಂದದ್ದು ಹತ್ತಿರ ನಿಂತಿದ್ದಕ್ಕೆ.

ಪಿಚ್ ಕೂಡ ಲೆಕ್ಕಕ್ಕೆ ಬರುತ್ತದೆ. ಕೆಳಗಿನ ಡಿವಿಷನ್ ಪಂದ್ಯಗಳಲ್ಲಿ, ಕಾಲೇಜು ಮೈದಾನಗಳಲ್ಲಿ ಮ್ಯಾಟಿಂಗ್ (ಚಾಪೆ ಹಾಸಿದ ಪಿಚ್) ಮೇಲೆ ಬೆಳೆದ ಹುಡುಗರಿಗೆ ಚೆಂಡು ಎದೆಮಟ್ಟಕ್ಕೆ ಪುಟಿಯುವುದೇ ರೂಢಿ. ಹಾಗಾಗಿ ಬೇಗ ಎದ್ದುಬಿಡುತ್ತಾರೆ. ಅದೇ ಹುಡುಗನನ್ನು ಟರ್ಫ್ (ಚಾಪೆಯಿಲ್ಲದ ಮಣ್ಣಿನ ಪಿಚ್) ಮೇಲೆ ನಿಲ್ಲಿಸಿ ನೋಡಿ: ಆಫ್‌ಸ್ಪಿನ್ನರ್ ಚೆಂಡು ಕೆಳಗೇ ಉಳಿಯುತ್ತದೆ, ಇವನ ಗ್ಲೌಸ್ ಆಗಲೇ ಸೊಂಟದ ಹತ್ತಿರ, ಚೆಂಡು ಅಡಿಯಲ್ಲಿ ಜಾರಿ ಬೌಂಡರಿಗೆ. ಚೆಂಡು ಪಿಚ್ ಆಗುವ ತನಕ ಕೂತೇ ಇದ್ದು, ಪುಟಿತದ ಜತೆ ಏಳುತ್ತಾನಾ ಅನ್ನುವುದೊಂದನ್ನೇ ನೋಡಿದರೂ ಅರ್ಧ ಆಯ್ಕೆ ಮುಗಿಯಿತು.

60 ಎಸೆತದ ಪರೀಕ್ಷೆ

ಸುಮ್ಮನೆ ಎದುರು ನಿಂತು ಚೆಂಡು ಎಸೆದು ಹಿಡಿಸಿದರೆ ಏನೂ ಗೊತ್ತಾಗುವುದಿಲ್ಲ. ಮುಂದೆ ಬ್ಯಾಟ್ಸ್‌ಮನ್ ಇರಲಿ, ಬ್ಯಾಟ್ ಬೀಸಿ ಬೇಕಂತಲೇ ತಪ್ಪಿಸಲಿ. ಮೊದಲ 20 ಎಸೆತ ವೇಗದ ಬೌಲರ್‌ಗೆ ಹಿಂದೆ ನಿಂತು. ಮುಂದಿನ 20 ಸ್ಪಿನ್‌ಗೆ ಹತ್ತಿರ ನಿಂತು, ಅದರಲ್ಲಿ 8 ಲೆಗ್‌ಸೈಡಿಗೆ ಬೀಳಲಿ. ಆಮೇಲೆ ಪ್ಯಾಡ್ ಕಟ್ಟಿಕೊಂಡೇ ಹತ್ತು ಸಲ ಎರಡೆರಡು ರನ್ ಓಡಿಸಿ, ನೀರು ಕುಡಿಸಿ, ಕೊನೆಯ 20 ಮತ್ತೆ ಸ್ಪಿನ್. ಶುದ್ಧವಾಗಿ ಹಿಡಿದರೆ 2 ಅಂಕ, ಮೈಗೆ ತಾಗಿಸಿ ನಿಲ್ಲಿಸಿದರೆ 1, ಹಿಂದೆ ಹೋದರೆ ಸೊನ್ನೆ. ಬೇರೆಬೇರೆ ವಾರ ಮೂರು ಸಲ ಮಾಡಿ. ಒಟ್ಟು ಅಂಕಕ್ಕಿಂತ ಕೊನೆಯ 20ರ ಅಂಕ ಮುಖ್ಯ. ಮೊದಲ 40ರಲ್ಲಿ ಮಿಂಚಿ ಕೊನೆಗೆ ಮಂಡಿ ಬಗ್ಗದವನು 38ನೇ ಓವರ್‌ನಲ್ಲಿ ಕೈಕೊಡುತ್ತಾನೆ.

ಅಂಕದ ಪಕ್ಕದಲ್ಲಿ ತಪ್ಪು ಯಾವ ತರಹದ್ದು ಅಂತಲೂ ಬರೆಯಿರಿ. ಲೆಗ್‌ಸೈಡ್ ಚೆಂಡಿಗೆ ಪಕ್ಕಕ್ಕೆ ಸರಿಯುವ ಬದಲು ಹಿಂದಕ್ಕೆ ಹೆಜ್ಜೆ ಹಾಕಿದರೆ ಹಿಡಿದರೂ ಬೇಲ್ಸ್‌ಗೆ ಕೈ ಎಟುಕುವುದಿಲ್ಲ. ಬೆರಳ ತುದಿ ಚೆಂಡಿನ ಕಡೆಗೆ ಚಾಚಿದ್ದರೆ ಇಂದಲ್ಲ ನಾಳೆ ಬೆರಳು ಮುರಿಯುತ್ತದೆ. ತುದಿ ನೆಲಕ್ಕೋ ಆಕಾಶಕ್ಕೋ ತಿರುಗಿರಬೇಕು. ಅವಸರದಲ್ಲಿ ಸ್ಟಂಪ್ಸ್‌ಗಿಂತ ಮುಂದೆ ಕೈ ಚಾಚಿ ಹಿಡಿಯುವವನು ಇನ್ನೂ ದುಬಾರಿ. ಬ್ಯಾಟಿಗೋ ಬ್ಯಾಟ್ಸ್‌ಮನ್ ಮೈಗೋ ತಾಗದ ಚೆಂಡು ಸ್ಟಂಪ್ಸ್ ದಾಟುವ ಮೊದಲೇ ಹಾಗೆ ಮಾಡಿದರೆ ಅಂಪೈರ್ ನೋಬಾಲ್ ಕೊಡುತ್ತಾರೆ, ಸ್ಟಂಪಿಂಗ್ ಕೈತಪ್ಪುತ್ತದೆ. ಮೊದಲೆರಡನ್ನು ಮಳೆಗಾಲದಲ್ಲಿ ತಿದ್ದಬಹುದು. ಮೂರನೆಯದು ಸ್ವಭಾವದಿಂದ ಬರುವ ತಪ್ಪು, ಬೇಗ ಹೋಗುವುದಿಲ್ಲ.

ಪಂದ್ಯ ಹಂಚುವುದು

ಅಮೆರಿಕದ ಬೇಸ್‌ಬಾಲ್‌ನಿಂದ ಕಲಿಯುವಂಥದ್ದು ಒಂದಿದೆ. ಮೇಜರ್ ಲೀಗ್ ತಂಡ ಸೀಸನ್‌ಗೆ 162 ಪಂದ್ಯ ಆಡುತ್ತದೆ. 26 ಜನರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇಬ್ಬರು ಕ್ಯಾಚರ್‌ಗಳಿರುತ್ತಾರೆ, ಅಂದರೆ ಅಲ್ಲಿನ ಕೀಪರ್‌ಗಳು. ಎರಡನೆಯವನು ಮೊದಲನೆಯವನ ಮಂಡಿ ಹೋಗಲಿ ಅಂತ ಕಾಯುತ್ತ ಕೂರುವುದಿಲ್ಲ. ಅವನಿಗೂ ಸರದಿಯಿದೆ, ಕೆಲವೆಡೆ ಇಂಥ ಪಿಚರ್ (ಅಲ್ಲಿನ ಬೌಲರ್) ಆಡುವ ದಿನ ಇವನೇ ಕ್ಯಾಚರ್ ಅಂತ ಗೊತ್ತುಮಾಡಿರುತ್ತಾರೆ. ಹತ್ತು ಪಂದ್ಯಗಳ ಸೀಸನ್ ಇದ್ದರೆ ಎರಡನ್ನು ಎರಡನೇ ಕೀಪರ್ ಹೆಸರಿಗೆ ಮೊದಲೇ ಬರೆದಿಡಿ, ಅದರಲ್ಲೊಂದು ಟರ್ಫ್ ಮೇಲಿನದ್ದಾಗಿರಲಿ.

ಕಿರ್ಮಾನಿ 1971ರ ಇಂಗ್ಲೆಂಡ್ ಪ್ರವಾಸಕ್ಕೆ ಫರೂಕ್ ಎಂಜಿನಿಯರ್ ಹಿಂದೆ ಮೀಸಲು ಕೀಪರ್ ಆಗಿ ಹೋದವರು, ಟೆಸ್ಟ್ ಆಡಿದ್ದು 1976ರಲ್ಲಿ. ನಿಮ್ಮ ಕ್ಲಬ್‌ನ ಹುಡುಗ ಅಷ್ಟು ವರ್ಷ ಕಾಯುವುದಿಲ್ಲ, ಮುಂದಿನ ಸೀಸನ್‌ಗೆ ಬೇರೆ ಕ್ಲಬ್ ಸೇರಿಕೊಳ್ಳುತ್ತಾನೆ. ಮೊದಲ ಕೀಪರ್‌ಗೂ ಇದನ್ನು ನೇರವಾಗಿ ಹೇಳಬೇಕು, ವಾಟ್ಸಾಪ್ ಗ್ರೂಪ್‌ನಲ್ಲಿ ಅಲ್ಲ. "ಗುರು, ನಂಬರ್ ಒನ್ ನೀನೇ. ಇವೆರಡು ಮ್ಯಾಚ್ ಅವನಿಗೆ, ಈಗ್ಲೇ ಬರ್ಕೊಂಡಿದೀನಿ. ಆವತ್ತು ನೀನು ಬರೀ ಬ್ಯಾಟ್ಸ್‌ಮನ್" ಅಂದರೆ ಸಾಕು. ಮ್ಯಾಚ್ ದಿನ ಬೆಳಿಗ್ಗೆ ಹೇಳಿದರೆ ಅದು ಶಿಕ್ಷೆಯ ಹಾಗೆ ಕೇಳಿಸುತ್ತದೆ.

ಗ್ಲೌಸ್, ಮಳೆ, ಬೆರಳು

ಇಬ್ಬರಿಗೂ ಒಂದೇ ಜೊತೆ ಗ್ಲೌಸ್ ಕೊಡಬೇಡಿ. ಒಬ್ಬನ ಕೈಗೆ ಹದವಾದದ್ದು ಇನ್ನೊಬ್ಬನಿಗೆ ಸಡಿಲ, ಚೆಂಡು ಬಿದ್ದಾಗ ಗ್ಲೌಸ್ ತಿರುಗುತ್ತದೆ. ಎರಡನೆಯವನಿಗೆ ಬೇರೆ ಜೊತೆ ಕೊಡಿಸಿ, ಇನ್ನರ್ (ಒಳಗೆ ಹಾಕುವ ತೆಳು ಗ್ಲೌಸ್) ಹಾಕಿಕೊಂಡೇ ಅಳತೆ ನೋಡಿ, ಇನ್ನರ್ ಎರಡು ಜೊತೆ ಇರಲಿ. ಹೆಬ್ಬೆರಳು–ತೋರುಬೆರಳ ನಡುವಿನ ಪಟ್ಟಿ ಹಿಗ್ಗದ ವಸ್ತುವಿನದ್ದಾಗಿರಬೇಕು, ಎರಡು ಬೆರಳ ತುದಿ ಸೇರಿಸುವ ನೇರ ಗೆರೆಗಿಂತ ಮೇಲೆ ಚಾಚಿರಬಾರದು, ಇದು ನಿಯಮ. ಹೊಸ ಗ್ಲೌಸ್ ಗಟ್ಟಿ, ಹದಕ್ಕೆ ಬರಲು ಎರಡು ಮೂರು ವಾರದ ಅಭ್ಯಾಸ ಬೇಕು, ಹಾಗಾಗಿ ಸೀಸನ್ ಹಿಂದಿನ ದಿನ ಕೊಂಡು ಪ್ರಯೋಜನವಿಲ್ಲ. ಅಂಗೈ ರಬ್ಬರ್ ಜಾರತೊಡಗಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಸಿಲಿಗೆ ಇಟ್ಟರೆ ರಬ್ಬರ್ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಬ್ಯಾಗ್‌ನಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಳಗೆ ನ್ಯೂಸ್‌ಪೇಪರ್ ತುರುಕಿ ಫ್ಯಾನ್ ಗಾಳಿಗೆ ಇಡಿ.

ಸೆಪ್ಟೆಂಬರ್ ಮಳೆಯಲ್ಲಿ ಮೈದಾನ ಸಿಗದಿದ್ದರೆ ಒಂದು ಗೋಡೆ, ಒಂದು ಟೆನಿಸ್ ಬಾಲ್ ಸಾಕು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಖಾಲಿ ಮೂಲೆ ಆದರೂ ಸರಿ, ಕಾರಿಗೆ ಬಡಿದು ಅಸೋಸಿಯೇಷನ್‌ನವರು ಬೈಯುವಂತಾಗಬಾರದು ಅಷ್ಟೆ. ಮೂರು ಮೀಟರ್ ದೂರ, ಬರಿಗೈ, ಕೂತ ಭಂಗಿಯಲ್ಲೇ ಎಡಗೈ 50, ಬಲಗೈ 50, ಎರಡೂ ಕೈ 50. ಸ್ನೇಹಿತನಿದ್ದರೆ ಹಿಂದಿನಿಂದ ಗೋಡೆಗೆ ಎಸೆಯಲಿ, ಚೆಂಡು ಎಲ್ಲಿಂದ ಬರುತ್ತದೆಂದು ಕೀಪರ್‌ಗೆ ಮೊದಲೇ ತಿಳಿಯಬಾರದು.

ಬೆರಳಿಗೆ ಪೆಟ್ಟಾದರೆ ಎಳೆದು ಸರಿಮಾಡುವ ಹಿರಿಯರು ಪ್ರತಿ ಕ್ಲಬ್‌ನಲ್ಲೂ ಒಬ್ಬರಿರುತ್ತಾರೆ. ಅವರನ್ನು ದೂರ ಇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ಉಂಗುರ ಇದ್ದರೆ ಊದುವ ಮೊದಲೇ ತೆಗೆಯುವುದು, ತುದಿ ನೆಟ್ಟಗಾಗದಿದ್ದರೆ ಅದೇ ದಿನ ಎಕ್ಸ್‌ರೇ.

ಪಂದ್ಯದ ನಡುವೆ ಬದಲಾದರೆ

2017ರ ನಿಯಮ ಬದಲಾವಣೆಯ ನಂತರ ಅಂಪೈರ್‌ಗಳು ಒಪ್ಪಿದರೆ ಸಬ್‌ಸ್ಟಿಟ್ಯೂಟ್ ಆಟಗಾರನೂ ಕೀಪ್ ಮಾಡಬಹುದು. 2025ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಭಾರತದ ಕೀಪರ್ ರಿಷಭ್ ಪಂತ್ ಬೆರಳಿಗೆ ಪೆಟ್ಟಾದಾಗ ಧ್ರುವ್ ಜುರೇಲ್ ಬಂದದ್ದು ಹಾಗೆ. ನಿಮ್ಮ ಟೂರ್ನಿಯ ನಿಯಮ ಬೇರೆ ಇರಬಹುದು, ಟಾಸ್‌ಗೆ ಮೊದಲೇ ಅಂಪೈರ್‌ರನ್ನು ಕೇಳಿಟ್ಟುಕೊಳ್ಳಿ. ಎರಡನೇ ಕೀಪರ್ ಹೊರಗೆ ಕೂತಿದ್ದರೂ ಅವನ ಪ್ಯಾಡ್, ಗಾರ್ಡ್, ಒದ್ದೆ ಮಾಡಿದ ಇನ್ನರ್ ಬ್ಯಾಗ್‌ನ ಮೇಲ್ಭಾಗದಲ್ಲೇ ಇರಲಿ. ಅವನು ಬಂದ ಮೊದಲ ಎರಡು ಓವರ್ ಗೂಗ್ಲಿ ಹಾಕುವವನ ಕೈಗೆ ಚೆಂಡು ಕೊಡಬೇಡಿ, ನೇರಕ್ಕೆ ಹಾಕುವವನಿಗೆ ಕೊಡಿ. ವೇಗಿ ಬಂದಾಗ ಹೆಲ್ಮೆಟ್ ತೆಗೆದಿಟ್ಟರೆ ಅದು ಕೀಪರ್‌ನ ನೇರ ಹಿಂದೆಯೇ ಇರಬೇಕು. ಅದಕ್ಕೆ ಚೆಂಡು ತಾಗಿದರೆ 5 ರನ್ ದಂಡ, ಅಂಥದ್ದು ಆಗುವುದು ಹೆಚ್ಚಾಗಿ ಕೀಪರ್ ಬದಲಾದ ಗಡಿಬಿಡಿಯಲ್ಲೇ.