ಒಂದೇ ಫೈಲ್, ಒಂದು ಪೆನ್ ಡ್ರೈವ್: ಕಾಟಾ ಸಾಫ್ಟ್‌ವೇರ್ ಬಿಲ್ಡ್ ಮಾಡಿದ ನನ್ನ ಅನುಭವ

ಮುಧೋಳ, ಜಮಖಂಡಿ, ಮಹಾಲಿಂಗಪುರ ಸುತ್ತಮುತ್ತ ಕಬ್ಬಿನ ಗಾಡಿ ತೂಗುವ ಖಾಸಗಿ ಕಾಟಾಗಳಿಗೆ ನಾನು ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಈಗ ನಲವತ್ತರ ಆಸುಪಾಸು ಕಾಟಾಗಳಲ್ಲಿ ಓಡುತ್ತಿದೆ. ಕಳೆದ ಹಂಗಾಮಿನಲ್ಲಿ 'ಲೈಬ್ರರಿ ಸಿಗ್ತಿಲ್ಲ' ಅಂತ ಒಂದು ಫೋನೂ ಬರಲಿಲ್ಲ. ಲೈಬ್ರರಿ ಅಂದ್ರೆ ಪ್ರೋಗ್ರಾಂ ತನ್ನ ಕೆಲಸಕ್ಕೆ ಕರೆದುಕೊಳ್ಳುವ ಸಿದ್ಧ ಕೋಡು. ಎಲ್ಲವನ್ನೂ ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿ, ಅಂದ್ರೆ ಲೈಬ್ರರಿಗಳನ್ನೂ ಪ್ರೋಗ್ರಾಂ ಒಳಗೇ ಸೇರಿಸಿ, ಒಂದೇ ಫೈಲ್ ಕೊಡ್ತೀನಿ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕಿದ್ದರು. 'ಯಾವ ಕಾಲದಲ್ಲಿದ್ದೀಯಾ ಮಾರಾಯಾ, ಡಾಕರ್ ಹಾಕು, ಮುಗೀತು' ಅಂದಿದ್ದರು. ಡಾಕರ್ ಅಂದ್ರೆ ಪ್ರೋಗ್ರಾಂ ಜೊತೆ ಅದಕ್ಕೆ ಬೇಕಾದ ಲೈಬ್ರರಿಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ಓಡಿಸುವ ಸಾಧನ. ಅದನ್ನೂ ಹಾಕಿ ನೋಡಿದ್ದೆ. ಅದರ ಕಥೆಯೂ ಬರುತ್ತದೆ.

ಮೊದಲು ಮಷೀನುಗಳ ಸ್ಥಿತಿ ಹೇಳಬೇಕು. ಕಾಟಾ ಮೇಲಿನ ಕಂಪ್ಯೂಟರ್ ಅಂದ್ರೆ 2 ಜಿಬಿ ರ‍್ಯಾಮ್, ಒಳಗೆ ಬೊಗಸೆ ಧೂಳು, ಹಿಂದೆ ಒಂದು ಸೀರಿಯಲ್ ಪೋರ್ಟ್. ಅರ್ಧದಷ್ಟು ಕಡೆ ಉಬುಂಟು 18.04 (ಲಿನಕ್ಸ್‌ನ ಒಂದು ಹಳೇ ಆವೃತ್ತಿ), ಉಳಿದ ಕಡೆ ವಿಂಡೋಸ್ 7. ಇಂಟರ್ನೆಟ್ ಅಂದ್ರೆ ಮಾಲೀಕರ ಮೊಬೈಲ್ ಹಾಟ್‌ಸ್ಪಾಟ್. ಹೊಸ ಪಿಸಿ ತಗೊಳ್ಳಿ, 25-30 ಸಾವಿರದಲ್ಲಿ ಆಗುತ್ತೆ ಅಂತ ಒಬ್ಬರಿಗೆ ಹೇಳಿದ್ದೆ. 'ತಮ್ಮಾ, ನಿನ್ನ ಸಾಫ್ಟ್‌ವೇರಿಗೆ ಹೊಸ ಕಂಪ್ಯೂಟರ್ ಬೇಕಂದ್ರ, ಈ ಕಂಪ್ಯೂಟರಿಗೆ ನಾ ಬ್ಯಾರೆ ಸಾಫ್ಟ್‌ವೇರ್ ನೋಡ್ತೀನಿ' ಅಂದರು. ವರ್ಷಕ್ಕೆ ಐದಾರು ಸಾವಿರದ ಕಾಂಟ್ರ್ಯಾಕ್ಟ್. ಅವರು ಹೇಳಿದ್ದೂ ಸರಿಯೇ.

ಶುರುವಿನಲ್ಲಿ ಪೈಥಾನ್ ಭಾಷೆಯಲ್ಲಿ ಬರೆದು ಪೈಇನ್‌ಸ್ಟಾಲರ್ ಅನ್ನುವ ಸಾಧನದಲ್ಲಿ ಗಂಟು ಕಟ್ಟಿ ಕೊಡುತ್ತಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04, ಅದರ ಜಿಲಿಬ್‌ಸಿ (ಲಿನಕ್ಸ್‌ನ ಬಹುಪಾಲು ಪ್ರೋಗ್ರಾಂಗಳು ಕೇಳುವ ಮೂಲ ಸಿ ಲೈಬ್ರರಿ) 2.35. ಕಾಟಾದಲ್ಲಿರುವುದು 2.27. ಪೈಇನ್‌ಸ್ಟಾಲರ್ ಮಿಕ್ಕಿದ್ದನ್ನೆಲ್ಲ ಒಳಗೆ ತುಂಬುತ್ತದೆ, ಜಿಲಿಬ್‌ಸಿ ಒಂದನ್ನು ಮಾತ್ರ ತುಂಬುವುದಿಲ್ಲ. ಓಡಿಸಿದ ಕೂಡಲೇ 'ಜಿಲಿಬ್‌ಸಿ 2.34 ಸಿಗಲಿಲ್ಲ' ಅಂತ ಒಂದು ಸಾಲು ಬಂದು ನಿಲ್ಲುತ್ತಿತ್ತು. ನಾನೇನು ಹೊಸ ಫಂಕ್ಷನ್ ಕರೆದಿಲ್ಲವಲ್ಲ, 2.34 ಯಾಕೆ ಬೇಕು ಅಂತ ಆಬ್ಜ್‌ಡಂಪ್ (ಫೈಲಿನ ಒಳಗೇನಿದೆ ಅಂತ ತೋರಿಸುವ ಕಮಾಂಡ್) ಹಾಕಿ ನೋಡಿದರೆ, ಪ್ರೋಗ್ರಾಂ ಶುರುವಾಗಲು ಬೇಕಾದ ಸಿಂಬಲ್‌ಗೇ (ಲೈಬ್ರರಿಯ ಫಂಕ್ಷನ್‌ಗಿರುವ ಹೆಸರಿಗೇ) ಆ ಆವೃತ್ತಿಯಲ್ಲಿ ಹೊಸ ನಂಬರ್ ಹಾಕಿದ್ದಾರೆ. ಅಂದ್ರೆ ಖಾಲಿ ಮೇನ್ ಫಂಕ್ಷನ್ ಬರೆದು ಕಂಪೈಲ್ ಮಾಡಿ ಓಡುವ ಫೈಲ್ ಮಾಡಿದರೂ ಹಳೇ ಮಷೀನಿನಲ್ಲಿ ಓಡಲ್ಲ. ಹಳೆಯದರಲ್ಲಿ ಬಿಲ್ಡ್ ಮಾಡಿದ್ದು ಹೊಸದರಲ್ಲಿ ಓಡುತ್ತೆ, ಹೊಸದರದ್ದು ಹಳೆಯದರಲ್ಲಿ ಓಡಲ್ಲ. ಇದು ನಿಮಗೂ ಗೊತ್ತಿರೋದೇ.

ಸರಿ, 18.04 ಅನ್ನೇ ವರ್ಚುವಲ್ ಮಷೀನಿನಲ್ಲಿ ಹಾಕಿ ಅಲ್ಲೇ ಬಿಲ್ಡ್ ಮಾಡಿದೆ. ಜಿಲಿಬ್‌ಸಿ ಸಮಸ್ಯೆ ಹೋಯಿತು. ಆದರೆ ಅಲ್ಲಿರುವುದು ಪೈಥಾನ್ 3.6. ಅದಕ್ಕೆ 2021ರ ಕೊನೆಗೇ ಬೆಂಬಲ ನಿಂತಿದೆ. ಬೇಕಾದ ಲೈಬ್ರರಿಗಳ ಹೊಸ ಆವೃತ್ತಿ 3.6 ಬೇಡ ಅನ್ನುತ್ತವೆ, ಹಳೆಯವು ಒಂದಕ್ಕೊಂದು ಕೂಡುವುದಿಲ್ಲ. ಪೈಥಾನ್‌ನಲ್ಲಿ ಒಂದು ಪರಿಸರಕ್ಕೆ ಒಂದು ಪ್ಯಾಕೇಜಿನ ಒಂದೇ ಆವೃತ್ತಿ. ಇಬ್ಬರಿಗೆ ಬೇರೆ ಬೇರೆ ಬೇಕಂದ್ರೆ ಒಬ್ಬರನ್ನು ಬಿಡಬೇಕು. ಆ ಹಂಗಾಮಿನಲ್ಲಿ ಪೆಟ್ರೋಲು, ಓಡಾಟ, ಕೈಬಿಟ್ಟ ಕಾಂಟ್ರ್ಯಾಕ್ಟು ಎಲ್ಲ ಸೇರಿ 60-70 ಸಾವಿರ ಹೋಗಿರಬೇಕು. ರಾತ್ರಿ ಹನ್ನೊಂದಕ್ಕೆ ಟ್ರ್ಯಾಕ್ಟರ್ ಸಾಲು ನಿಂತಿದೆ, ತೂಕ ಬರ್ತಿಲ್ಲ ಅಂತ ಫೋನ್ ಬಂದರೆ ಹೋಗಲೇಬೇಕಲ್ವಾ.

ಡಾಕರ್ ಹಾಕಿದ್ದು ಆಮೇಲೆ. ಕೆಲಸವೇನೋ ಮಾಡಿತು. ಸೀರಿಯಲ್ ಪೋರ್ಟ್ ಒಳಗೆ ಕೊಡುವುದೂ ಕಷ್ಟವಾಗಲಿಲ್ಲ. ಆದರೆ ಇಮೇಜ್ (ಆ ಡಬ್ಬಿಯ ಫೈಲ್) ನಾನೂರು ಎಂಬಿ ಮೇಲೆ, ಹಾಟ್‌ಸ್ಪಾಟಿನಲ್ಲಿ ಇಳಿಯುವುದರೊಳಗೆ ಸಾಲಿನಲ್ಲಿದ್ದ ಗಾಡಿಗಳೆಲ್ಲ ತೂಗಿ ಹೋಗಿರುತ್ತವೆ. ವಿಂಡೋಸ್ 7 ಕಾಟಾಗಳಿಗೆ ಅದು ಉತ್ತರವೇ ಅಲ್ಲ. ಲಿನಕ್ಸ್ ಪ್ರೋಗ್ರಾಂ ಅನ್ನು ಒಂದೇ ಫೈಲಾಗಿ ಕಟ್ಟುವ ಆ್ಯಪ್‌ಇಮೇಜೂ ನೋಡಿದೆ. ಅದೂ ಜಿಲಿಬ್‌ಸಿಯನ್ನು ಹೊರಗಿನಿಂದಲೇ ತಗೊಳ್ಳುತ್ತೆ, ಮತ್ತೆ ಹಳೇ ಮಷೀನಿನಲ್ಲೇ ಬಿಲ್ಡ್ ಮಾಡು ಅನ್ನುತ್ತೆ.

ಕೊನೆಗೆ ಗೋ ಭಾಷೆಯಲ್ಲಿ ಮತ್ತೆ ಬರೆದೆ. ಸಿಗೋ (ಗೋದಿಂದ ಸಿ ಭಾಷೆಯ ಕೋಡ್ ಕರೆಯುವ ಸೌಲಭ್ಯ) ಆಫ್ ಮಾಡಿ ಬಿಲ್ಡ್ ಮಾಡಿದರೆ ಲಿನಕ್ಸ್ ಫೈಲ್ ಹೊರಗಿನ ಯಾವ ಲೈಬ್ರರಿಯನ್ನೂ ಕೇಳುವುದಿಲ್ಲ. ಯಾವ ಲೈಬ್ರರಿ ಬೇಕು ಅಂತ ಹೇಳುವ ಎಲ್‌ಡಿಡಿ ಕಮಾಂಡ್ ಹಾಕಿದರೆ 'ಡೈನಮಿಕ್ ಅಲ್ಲ' ಅನ್ನುತ್ತೆ. ಆ ಸಾಲು ನೋಡಿದಾಗ ಆದ ಖುಷಿ ಬಿಲ್ ಪಾಸಾದಾಗಲೂ ಆಗಿಲ್ಲ. ಪೆನ್ ಡ್ರೈವಿನಿಂದ ಕಾಪಿ, ಡಬಲ್ ಕ್ಲಿಕ್, ಅಷ್ಟೇ.

ಆಗಲೇ ಮಾಲೀಕರು ಕೇಳಿದ್ದು: 'ಚೀಟಿ ಮ್ಯಾಲ ರೈತರ ಹೆಸರು ಕನ್ನಡದಾಗ ಬರಬೇಕ್ರಿ.' ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಕನ್ನಡ ಗೊತ್ತಿಲ್ಲ. ಚಿತ್ರ ಮಾಡಿ ಕಳಿಸಬೇಕು. ಸುಮ್ನೆ ಫಾಂಟಿನಿಂದ ಒಂದೊಂದೇ ಅಕ್ಷರ ತೆಗೆದು ಜೋಡಿಸಿದರೆ ಮಲ್ಲಪ್ಪ ಹೋಗಿ 'ಮಲ್‌ಲಪ್‌ಪ' ಆಗುತ್ತಾನೆ. ಒತ್ತಕ್ಷರ ಕೆಳಗೆ ಕೂರಬೇಕು, ಅರ್ಕಾವತ್ತು ಅಕ್ಷರದ ಬಲಕ್ಕೆ ಹೋಗಬೇಕು. ಹೀಗೆ ಜೋಡಿಸಲು ಹಾರ್ಫ್‌ಬಝ್ ಅನ್ನುವ ಲೈಬ್ರರಿ ಬೇಕು, ಚಿತ್ರ ಬಿಡಿಸಲು ಫ್ರೀಟೈಪ್ ಅನ್ನುವ ಲೈಬ್ರರಿ ಬೇಕು. ಎರಡೂ ಸಿ, ಸಿ++ ಭಾಷೆಯ ಮನೆತನದವು. ಸಿಗೋ ಮತ್ತೆ ಆನ್, ಜಿಲಿಬ್‌ಸಿ ಮತ್ತೆ ಬಾಗಿಲಲ್ಲಿ.

ಜಿಲಿಬ್‌ಸಿಯನ್ನೇ ಸ್ಟ್ಯಾಟಿಕ್ ಮಾಡಿ ನೋಡಿದೆ. ಲಿಂಕರ್ (ಕೋಡಿನ ತುಂಡುಗಳನ್ನು ಒಂದು ಫೈಲಾಗಿ ಸೇರಿಸುವ ಪ್ರೋಗ್ರಾಂ) ಎಚ್ಚರಿಕೆ ಕೊಡುತ್ತೆ: ಸರ್ವರ್ ಹೆಸರಿನಿಂದ ಐಪಿ ವಿಳಾಸ ಹುಡುಕುವ ಫಂಕ್ಷನ್‌ಗೆ ಓಡುವಾಗ ಅದೇ ಆವೃತ್ತಿಯ ಲೈಬ್ರರಿ ಬೇಕು ಅಂತ. ಹಳೇ ಮಷೀನಿನಲ್ಲಿ ಎಸ್ಎಂಎಸ್ ಕಳಿಸಲು ಹೋದ ಕೂಡಲೇ ಸೆಗ್ಮೆಂಟೇಶನ್ ಫಾಲ್ಟ್, ಪ್ರೋಗ್ರಾಂ ಬಿದ್ದೇ ಹೋಯಿತು. ಹಾಗಾಗಿ ಜಿಲಿಬ್‌ಸಿ ಬದಲು, ಸ್ಟ್ಯಾಟಿಕ್ ಲಿಂಕಿಗೆ ಒಗ್ಗುವ ಮಸಲ್ ಲಿಬ್‌ಸಿ ಹಿಡಿದೆ, ಕಂಪೈಲರ್ ಆಗಿ ಝಿಗ್ ಸಿಸಿ. ಟಾರ್ಗೆಟ್ (ಯಾವ ಥರದ ಮಷೀನಿಗೆ ಬಿಲ್ಡ್ ಅನ್ನುವ ಹೆಸರು) ಮಸಲ್ ಅಂತ ಹೇಳಿದರೆ ಸಾಕು, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಮಸಲ್ ಬೇಡ ಅನ್ನುವವರು ಟಾರ್ಗೆಟ್ ಹೆಸರಿನ ಕೊನೆಗೆ ಮಸಲ್ ಬದಲು 'gnu.2.17' (ಅಂದ್ರೆ ಜಿಲಿಬ್‌ಸಿ 2.17) ಅಂತ ಹಾಕಿ, ಸೆಂಟ್‌ಓಎಸ್ 7 ಅನ್ನುವ ಹಳೇ ಲಿನಕ್ಸ್ ಕಾಲದ ಮಷೀನಿನವರೆಗೂ ಓಡುತ್ತೆ. ಹೆಸರು ಹುಡುಕುವ ಕೆಲಸವನ್ನು ಗೋದ ಸ್ವಂತ ರಿಸಾಲ್ವರ್‌ಗೇ ಬಿಟ್ಟೆ.

ಝಿಗ್ ಹಿಡಿಯುವ ಮೊದಲು ಜಾಸ್ತಿ ಸಮಯ ತಿಂದದ್ದು ಲಿಂಕ್ ಮಾಡುವ ಕ್ರಮ. ಉಬುಂಟುವಿನ ಗ್ನೂ ಲಿಂಕರ್ ಲೈಬ್ರರಿಗಳನ್ನು ಎಡದಿಂದ ಬಲಕ್ಕೆ ಓದುತ್ತೆ, ಆ ಹೊತ್ತಿಗೆ ಬಾಕಿ ಇರುವ ಸಿಂಬಲ್‌ಗಳನ್ನಷ್ಟೇ ಎತ್ತಿಕೊಳ್ಳುತ್ತೆ. ಹಾರ್ಫ್‌ಬಝ್‌ಗೆ ಫ್ರೀಟೈಪ್ ಬೇಕು, ಫ್ರೀಟೈಪ್‌ನ ಆಟೋ ಹಿಂಟಿಂಗ್‌ಗೆ (ಅಕ್ಷರ ಚೊಕ್ಕ ಮಾಡುವ ಭಾಗಕ್ಕೆ) ಹಾರ್ಫ್‌ಬಝ್ ಬೇಕು. ಯಾರನ್ನು ಮೊದಲು ಹಾಕಿದರೂ ಇನ್ನೊಬ್ಬರ ಸಿಂಬಲ್ ಸಿಗಲಿಲ್ಲ ಅನ್ನುವ ಸಾಲುಗಳು ಪರದೆ ತುಂಬ. ಎರಡನ್ನೂ ಮತ್ತೆ ಮತ್ತೆ ನೋಡು ಅನ್ನುವ ಗ್ರೂಪ್ ಫ್ಲಾಗ್ ಹಾಕಿದರೆ ಆಗುತ್ತೆ. ನಾನು ಗಂಟನ್ನೇ ಬಿಚ್ಚಿದೆ. ಫ್ರೀಟೈಪ್ ಅನ್ನು ಹಾರ್ಫ್‌ಬಝ್ ಇಲ್ಲದೆ, ಜೊತೆಗೆ ಪಿಎನ್‌ಜಿ, ಝೆಡ್‌ಲಿಬ್, ಬ್ರಾಟ್ಲಿ ಯಾವುದೂ ಇಲ್ಲದೆ ಬಿಲ್ಡ್ ಮಾಡಿದೆ. ಹಾರ್ಫ್‌ಬಝ್ ಅನ್ನು ಫ್ರೀಟೈಪ್ ಇಲ್ಲದೆ, ಅದರ ಒಂದೇ ದೊಡ್ಡ ಸೋರ್ಸ್ ಫೈಲಿನಿಂದ ಬಿಲ್ಡ್ ಮಾಡಿದೆ. ಹಾರ್ಫ್‌ಬಝ್ ಗ್ಲಿಫ್ (ಫಾಂಟಿನಲ್ಲಿರುವ ಅಕ್ಷರದ ಆಕಾರ) ನಂಬರ್ ಮತ್ತು ಜಾಗ ಹೇಳುತ್ತೆ, ನಾನು ಆ ನಂಬರನ್ನು ಫ್ರೀಟೈಪ್‌ಗೆ ಕೊಡುತ್ತೇನೆ. ಇಬ್ಬರಿಗೂ ಪರಸ್ಪರ ಪರಿಚಯವೇ ಇಲ್ಲ. ನೋಟೋ ಕನ್ನಡ ಫಾಂಟ್ ಗೋ ಎಂಬೆಡ್‌ನಿಂದ ಒಳಗೇ ಸೇರಿದೆ. ಎಸ್‌ಕ್ಯೂಲೈಟ್ ಡೇಟಾಬೇಸ್ ಹೇಗೂ ಒಂದೇ ಸಿ ಫೈಲ್, ಗೋ ಪ್ಯಾಕೇಜಿನ ಒಳಗೇ ಬರುತ್ತೆ. ಎಲ್ಲ ಸೇರಿ 16-17 ಎಂಬಿ. 24 ಪಿನ್ ಪ್ರಿಂಟರಿನಲ್ಲಿ ಆ ಚಿತ್ರವನ್ನು ಗೆರೆ ಬೀಳದ ಹಾಗೆ, ಜಲ್ದಿ ಹೊಡೆಸುವುದು ಹೇಗೆ ಅಂತ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ವಿಂಡೋಸ್ 7ರದ್ದು ಬೇರೆ ಗೋಳು. ಗೋ 1.21ರಿಂದ ಅದಕ್ಕೆ ಬೆಂಬಲ ಇಲ್ಲ, ಹಾಗಾಗಿ ಆ ಬಿಲ್ಡಿಗೆ 1.20ರಲ್ಲೇ ನಿಂತಿದ್ದೇನೆ. ಇಲ್ಲಿ ಗೋದ ಆವೃತ್ತಿ ಆರಿಸುವ ರೀತಿ ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಬೇರೆ ಬಹಳಷ್ಟು ಕಡೆ ಲಾಕ್ ಫೈಲ್ (ಯಾವ ಆವೃತ್ತಿ ಬೇಕು ಅಂತ ಬರೆದಿಟ್ಟ ಪಟ್ಟಿ) ಇಲ್ಲದಿದ್ದರೆ ಸಿಗುವ ಹೊಸದನ್ನೇ ಎಳೆದು ತರುತ್ತವೆ. ಗೋ ಮಾತ್ರ ಎಲ್ಲರೂ ಕೇಳಿದ ಕನಿಷ್ಠ ಆವೃತ್ತಿಗಳಲ್ಲಿ ದೊಡ್ಡದನ್ನು ತಗೊಂಡು ಅಲ್ಲಿಗೇ ನಿಲ್ಲುತ್ತೆ. ಯಾರೋ ನಿನ್ನೆ ರಾತ್ರಿ ಹೊಸದು ಬಿಟ್ಟರೆ ನನ್ನ ಬಿಲ್ಡ್ ಅಲುಗಾಡಲ್ಲ. ಟೈಮ್ ಝೋನ್ ಫೈಲ್ ವಿಂಡೋಸ್‌ನಲ್ಲಿ ಸಿಗದೆ ಚೀಟಿಯ ಸಮಯ ಕೆಟ್ಟಿತ್ತು. 19,800 ಸೆಕೆಂಡ್ ಅಂತ ನೇರವಾಗಿ ಬರೆದು ಬಿಟ್ಟೆ. ನಮ್ಮ ದೇಶದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ತಾಪತ್ರಯ ಇಲ್ಲವಲ್ಲ.

ನಡುವೆ ರಸ್ಟ್ ಭಾಷೆ ಕೂಡ ಆಡಿ ನೋಡಿದೆ. ಒಂದೇ ಕ್ರೇಟಿನ (ರಸ್ಟ್ ಪ್ಯಾಕೇಜಿನ) ಎರಡು ಮೇಜರ್ ಆವೃತ್ತಿಗಳು ಒಂದೇ ಫೈಲಿನಲ್ಲಿ ಜಗಳವಿಲ್ಲದೆ ಇರುತ್ತವೆ, ಯಾಕಂದ್ರೆ ಸಿಂಬಲ್ ಹೆಸರುಗಳೇ ಬೇರೆ ಆಗುತ್ತವೆ. ಪೈಥಾನ್‌ನಿಂದ ಬಂದವನಿಗೆ ಇದು ಜಾದೂ. ಆದರೆ ರಸ್ಟ್‌ನ ಪ್ಯಾಕೇಜ್ ಸಾಧನವಾದ ಕಾರ್ಗೋದಲ್ಲಿ ಟ್ರೀ ಕಮಾಂಡ್ ಹಾಕಿ ನೋಡಿದರೆ, ನನಗೆ ಗೊತ್ತೇ ಆಗದ ಹಾಗೆ ಒಂದೇ ಕ್ರೇಟಿನ ಮೂರು ಮೂರು ಆವೃತ್ತಿ ಕೂತಿದ್ದವು. ಸಿ ಲೈಬ್ರರಿಗೆ ಈ ಸೌಲಭ್ಯ ಇಲ್ಲ, ಕಾರ್ಗೋವೇ ಒಂದಕ್ಕಿಂತ ಹೆಚ್ಚು ಬಿಡಲ್ಲ. ಹಾರ್ಫ್‌ಬಝ್‌ನ ಶುದ್ಧ ಗೋ ಪೋರ್ಟ್ ಕೂಡ ಓಡಿಸಿದೆ. ಮಲ್ಲಪ್ಪ ಚೆನ್ನಾಗಿಯೇ ಬಂದ. ಆದರೆ ಅಷ್ಟರಲ್ಲಿ ಹಂಗಾಮು ಶುರುವಾಗಿತ್ತು, ಓಡುತ್ತಿದ್ದುದನ್ನು ಮುಟ್ಟಲಿಲ್ಲ.

ಗೆಳೆಯರ ಒಂದು ತಕರಾರಿಗೆ ಮಾತ್ರ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ಭದ್ರತಾ ದೋಷ ಬಂದಾಗ, ಶೇರ್ಡ್ ಲೈಬ್ರರಿ ಬಳಸಿದವರು ಒಂದು ಪ್ಯಾಕೇಜ್ ಅಪ್‌ಡೇಟ್ ಮಾಡಿ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಆ ತೂತು ಮುಚ್ಚುತ್ತಿತ್ತು. ನನ್ನ ಹಾಗೆ ಒಳಗೆ ತುಂಬಿದವರು ಪ್ರತಿ ಫೈಲನ್ನೂ ಮತ್ತೆ ಬಿಲ್ಡ್ ಮಾಡಿ ಹಂಚಬೇಕು. ಲಿನಕ್ಸ್ ಕಾಟಾಗಳಿಗೆ ಹಾಗೇ ಮಾಡುತ್ತೇನೆ, 17 ಎಂಬಿ ಹಾಟ್‌ಸ್ಪಾಟಿನಲ್ಲೂ ಇಳಿಯುತ್ತೆ. ಗೋ 1.20ಕ್ಕೆ 2024ರ ಫೆಬ್ರವರಿಯಲ್ಲಿ 1.22 ಬಂದಾಗಿನಿಂದ ರಿಪೇರಿ ನಿಂತಿದೆ. ಅದಕ್ಕೇ ವಿಂಡೋಸ್ 7 ಕಾಟಾಗಳಿಗೆ ನೆಟ್ ಕೊಟ್ಟಿಲ್ಲ, ಅಲ್ಲಿ ಎಸ್ಎಂಎಸ್ ಮಾಲೀಕರ ಫೋನಿನಿಂದಲೇ ಹೋಗುತ್ತೆ.

ಪ್ರಯತ್ನ ಮಾಡುವವರು ಸೋರ್ಸ್ ಜೊತೆಗೆ ವೆಂಡರ್ ಫೋಲ್ಡರ್ (ಬಳಸಿದ ಪ್ಯಾಕೇಜುಗಳ ಕಾಪಿ), ಗೋ ಮತ್ತು ಝಿಗ್‌ನ ಟಾರ್ ಫೈಲ್‌ಗಳನ್ನೂ ಎತ್ತಿಡಿ. ಝಿಗ್ ಇನ್ನೂ 1.0 ಆಗಿಲ್ಲ, ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿರುತ್ತೆ. ನಾನು ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ, ಒಂದು ಮನೆಯಲ್ಲಿ, ಒಂದು ಅಂಗಡಿಯಲ್ಲಿ.