ಅಪರಾಧ ನಡೆದ ಜಾಗದ ಕೆಸರಲ್ಲಿ ಬಿದ್ದ ಶೂ ಗುರುತನ್ನು ಎತ್ತುವುದು ಹೇಗೆ?

ಮೊದಲು ಫೋಟೋ. ಆಮೇಲೆ ತೆಗೆಯುವ ಅಚ್ಚು ಒಡೆದರೂ ಫೋಟೋ ಉಳಿಯುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲೆ ನೇರ ಕೆಳಮುಖವಾಗಿರಲಿ, ಪಕ್ಕದಲ್ಲಿ ಗುರುತಿನ ತಳದ ಮಟ್ಟಕ್ಕೇ ಸ್ಕೇಲ್ ಇಡಿ, ಟಾರ್ಚನ್ನು ನೆಲಕ್ಕೆ ಹತ್ತಿರ ಹಿಡಿದು ಒಂದೊಂದೇ ಬದಿಯಿಂದ ಓರೆಯಾಗಿ ಬೆಳಕು ಬಿಡಿ. ಮೇಲಿಂದ ಫ್ಲ್ಯಾಶ್ ಹೊಡೆದರೆ ಗೀರುಗಳೆಲ್ಲ ಮಾಯ.

ಅಚ್ಚಿಗೆ ಡೆಂಟಲ್ ಸ್ಟೋನ್ ತಗೊಳ್ಳಿ, ಹಲ್ಲಿನ ಡಾಕ್ಟರ್‌ಗಳು ಬಳಸುವ ಪುಡಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಬೇಡ, ತೊಳೆಯುವಾಗ ಸವೆಯುತ್ತದೆ. ಜಿಪ್ ಕವರಿನಲ್ಲಿ ಸುಮಾರು 900 ಗ್ರಾಂ ಪುಡಿಗೆ 300ರಿಂದ 350 ಮಿ.ಲೀ. ನೀರು ಹಾಕಿ, ದೋಸೆ ಹಿಟ್ಟಿನ ಹದಕ್ಕೆ ಬರುವವರೆಗೆ ಹಿಸುಕಿ. ಗುರುತಿನ ಮೇಲೇ ಸುರಿಯಬೇಡಿ. ಪಕ್ಕದ ನೆಲದಲ್ಲಿ ಸುರಿದರೆ ತಾನಾಗಿ ಒಳಗೆ ಹರಿಯುತ್ತದೆ. ಹೂತುಹೋದ ಎಲೆ, ಕಡ್ಡಿಗಳನ್ನು ಸುಮ್ನೆ ಬಿಟ್ಟುಬಿಡಿ, ಕಿತ್ತರೆ ಗುರುತೇ ಹಾಳು. ಅಚ್ಚು ಹಸಿ ಇರುವಾಗಲೇ ಅದರ ಮೇಲೆ ತಾರೀಕು, ಕೇಸ್ ನಂಬರ್ ಗೀಚಿ. ಕನಿಷ್ಠ ಅರ್ಧ ಗಂಟೆ ಬಿಟ್ಟು ಎತ್ತಿ. ಮಣ್ಣು ತೊಳೆಯಲು ಅವಸರ ಬೇಡ, ಒಂದೆರಡು ದಿನ ಒಣಗಲಿ.

ಒಂದು ಶೂವಿನ ಡಿಸೈನ್, ಸೈಜು ಅಚ್ಚಿಗೆ ಹೊಂದಿದರೆ ‘ಇಂಥ ಶೂ’ ಎನ್ನಬಹುದು, ಅಷ್ಟೇ. ಅಂಥದ್ದು ತುಂಬಾ ಜನರ ಹತ್ತಿರ ಇರುತ್ತದೆ ಅಲ್ವಾ? ಇದೇ ಜೋಡಿ ಎನ್ನಲು ಅಟ್ಟೆಯ ಮೇಲಿನ ಕೊಯ್ತ, ಕಚ್ಚು ಬೇಕು. ಲಾಸ್ ಏಂಜಲೀಸ್‌ನ 1994ರ ಕೊಲೆ ಕೇಸಿನಲ್ಲಿ (ಆರೋಪಿ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್) ರಕ್ತದ ಶೂ ಗುರುತುಗಳಿಂದ ಬ್ರೂನೋ ಮಾಗ್ಲಿ ಬ್ರ್ಯಾಂಡ್, 12ನೇ ಸೈಜು ಎಂದು ತಿಳಿಯಿತು, ಹೋಲಿಸಿ ನೋಡಲು ಶೂ ಮಾತ್ರ ಸಿಗಲೇ ಇಲ್ಲ.