ಡಬ್ಬಿ ಒಂದೇ, ಕಂಪ್ಯೂಟರಿಗೆ ಮಾತ್ರ ಮೂರು!

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಣ್ಣ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸೋಮವಾರ ಸಂಜೆ ಮಾಲೀಕರ ಫೋನ್ ಬಂತು. ‘ಏನ್ರೀ, ಡಬ್ಬಿ ಮೆಣಸಿನಕಾಯಿ ಮೂರು ಸಾಲಿನ್ಯಾಗ ತೋರಸಾಕತ್ತೇತಲ್ರೀ!’

ತಪ್ಪು ನನ್ನದೇ. ತಳಿಯ ಹೆಸರನ್ನು ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರಗಳ ಸಾಲಾಗಿ ಇಟ್ಟಿದ್ದೆ. ಹುಡುಗರು ಒಮ್ಮೆ "ಡಬ್ಬಿ" ಅಂತ ಒತ್ತಿದ್ದರು, ಒಮ್ಮೆ "ಡಬಿ" ಅಂತ. ಮೂರನೆಯದು ಕಣ್ಣಿಗೇ ಬೀಳುವುದಿಲ್ಲ: "ಡಬ್ಬಿ" ಆದಮೇಲೆ ಒಂದು ಸ್ಪೇಸ್.

ಸರಿಪಡಿಸುವುದು ಹೀಗೆ. ಮೊದಲು, ಯಾವುದು ಸ್ಟ್ರಿಂಗ್, ಯಾವುದು ಈನಮ್ (enum), ಅಂದರೆ ಮೊದಲೇ ಗೊತ್ತುಮಾಡಿದ ಹೆಸರುಗಳ ಪಟ್ಟಿ, ಎಂದು ಬೇರೆ ಮಾಡಿ. ರೈತರ ಹೆಸರು ಏನು ಬೇಕಾದರೂ ಇರಬಹುದು, ಅದು ಸ್ಟ್ರಿಂಗ್. ಅಂಗಡಿಗೆ ಬರುವ ತಳಿಗಳು ಬೆರಳೆಣಿಕೆಯಷ್ಟು, ಅದಕ್ಕೆ ಈನಮ್. ಜಾವಾಕ್ಕೆ ಈನಮ್ ಬಂದದ್ದು 2004ರಲ್ಲಿ, 5ನೇ ಆವೃತ್ತಿಯಲ್ಲಿ. ಕೀವರ್ಡ್‌ಗಳು, ಅಂದರೆ ಜಾವಾದ್ದೇ ಪದಗಳು, ಇಂಗ್ಲಿಷಿನಲ್ಲೇ ಇರಬೇಕು. ನಾವಿಡುವ ಹೆಸರು ಮಾತ್ರ ಕನ್ನಡದಲ್ಲೂ ನಡೆಯುತ್ತದೆ. ಈನಮ್ ಒಳಗೆ ಹೀಗೆ ಬರೆಯಿರಿ:

ಡಬ್ಬಿ("ಬ್ಯಾಡಗಿ ಡಬ್ಬಿ"), ಕಡ್ಡಿ("ಬ್ಯಾಡಗಿ ಕಡ್ಡಿ"), ಗುಂಟೂರು("ಗುಂಟೂರು");

ಮುಂದಿರುವುದು ಕೋಡಿನ ಹೆಸರು. ಕೊಟೇಶನ್ ಒಳಗಿರುವುದು ಲೆಕ್ಕಪಟ್ಟಿಯಲ್ಲಿ ಅಚ್ಚಾಗುವ ಹೆಸರು. ಇದನ್ನು ಕನ್‌ಸ್ಟ್ರಕ್ಟರ್ (ಪ್ರತಿ ತಳಿಯನ್ನೂ ಸೃಷ್ಟಿಸುವಾಗ ಓಡುವ ಕೋಡು) ಮೂಲಕ ಒಂದು ಫೈನಲ್ ಫೀಲ್ಡ್‌ಗೆ, ಅಂದರೆ ಆಮೇಲೆ ಬದಲಾಗದ ಜಾಗಕ್ಕೆ, ಹಾಕಿ. ಈನಮನ್ನು ಅಕ್ಷರಗಳಾಗಿ ಮಾಡಿಕೊಡುವ ಟುಸ್ಟ್ರಿಂಗ್ ಮೆಥಡ್ ಅದನ್ನೇ ಕೊಡಲಿ. ಇನ್ನು ಕೋಡಿನಲ್ಲಿ ಎಲ್ಲಾದರೂ ‘ಡಬಿ’ ಎಂದು ಬರೆದರೆ, ಓಡಿಸುವ ಮೊದಲೇ ಕೋಡನ್ನು ಪರೀಕ್ಷಿಸಿ ಅನುವಾದಿಸುವ ಕಂಪೈಲರೇ ತಡೆಯುತ್ತದೆ.

ಎರಡೆರಡು ಹೆಸರು ಯಾಕೆ? ಅಚ್ಚಾಗುವ ಹೆಸರು ಬದಲಾಗುತ್ತದೆ. ಇಂಗ್ಲಿಷಿನಲ್ಲಿ ‘ಹುಬ್ಳಿ’ ಎಂದಿದ್ದದ್ದು 2014ರ ನವೆಂಬರ್ 1ರಿಂದ ‘ಹುಬ್ಬಳ್ಳಿ’ ಆಯಿತಲ್ವಾ? ಊರಿಗೂ ಈನಮ್ ಇದ್ದರೆ ಕೊಟೇಶನ್ ಒಳಗೆ ಒಂದೇ ಕಡೆ ತಿದ್ದಿದರೆ ಸಾಕು.

ಮುಂದಿನ ಕೆಲಸ, ಒತ್ತಿದ ಅಕ್ಷರಗಳಿಂದ ಈನಮ್ ಪಡೆಯುವುದು. ಇದಕ್ಕೆ ವ್ಯಾಲ್ಯೂಆಫ್ ಎಂಬ ಮೆಥಡ್ ಇದೆ. ಆದರೆ ಮಹಾ ಹಟಮಾರಿ. ಕೋಡಿನ ಹೆಸರು ಅಕ್ಷರಶಃ ಹೊಂದಬೇಕು. ಒಂದು ಸ್ಪೇಸ್ ಜಾಸ್ತಿ ಇದ್ದರೂ ಎಕ್ಸೆಪ್ಶನ್, ಅಂದರೆ ದೋಷದ ಸೂಚನೆ, ಎಸೆಯುತ್ತದೆ. "ಬ್ಯಾಡಗಿ ಡಬ್ಬಿ" ಎಂದು ಅಚ್ಚಿನ ಹೆಸರು ಕೊಟ್ಟರೂ ಅಷ್ಟೇ. ಹಾಗಾಗಿ ಮೊದಲು ಸ್ಟ್ರಿಪ್ ಮಾಡಿ (ಹಿಂದುಮುಂದಿನ ಸ್ಪೇಸ್ ತೆಗೆದು), ಆಮೇಲೆ ಕೊಡಿ. ನನ್ನ ಕೇಳಿದರೆ, ಒತ್ತಲು ಬಿಡಲೇಬೇಡಿ. ವ್ಯಾಲ್ಯೂಸ್ ಮೆಥಡ್ ಎಲ್ಲ ತಳಿಗಳನ್ನೂ ಬರೆದ ಕ್ರಮದಲ್ಲೇ ಕೊಡುತ್ತದೆ. ಅದರಿಂದ ಡ್ರಾಪ್‌ಡೌನ್ ತುಂಬಿಸಿ, ಹುಡುಗರು ಆರಿಸಿಕೊಳ್ಳಲಿ.

ಕನ್ನಡದ್ದೇ ಒಂದು ತಾಪತ್ರಯವೂ ಇದೆ. "ಹಾವೇರಿ" ನಮಗೆ ಮೂರೇ ಅಕ್ಷರ. ಜಾವಾದಲ್ಲಿ ಉದ್ದ ಕೇಳಿದರೆ 6 ಅನ್ನುತ್ತದೆ, ಗುಣಿತದ ಚಿಹ್ನೆಗಳನ್ನೂ ಎಣಿಸುತ್ತದೆ. ಕೆಲವೊಮ್ಮೆ 7! ‘ವೇ’ದ ಏತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಎರಡು ಸ್ಟ್ರಿಂಗ್ ಹೋಲಿಸುವ ಈಕ್ವಲ್ಸ್ ಕೇಳಿದರೆ ಬೇರೆ ಬೇರೆ. ಹೊರಗಿನಿಂದ ಬಂದ ಫೈಲ್ ಓದುವಾಗ ನಾರ್ಮಲೈಸರ್ ಕ್ಲಾಸ್‌ನ ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪ) ತಂದುಕೊಂಡೇ ಹೋಲಿಸಿ.

ಡೇಟಾಬೇಸಿಗೆ ಹಾಕುವಾಗ ನೇಮ್ ಮೆಥಡ್ ಕೊಡುವ ಹೆಸರನ್ನು ಹಾಕಿ. ಆರ್ಡಿನಲ್, ಅಂದರೆ ಪಟ್ಟಿಯಲ್ಲಿನ ಕ್ರಮಸಂಖ್ಯೆ, ಬೇಡ. ಅದು 0ಯಿಂದ ಎಣಿಸುತ್ತದೆ: ಡಬ್ಬಿ 0, ಕಡ್ಡಿ 1. ನಾಳೆ ಇವೆರಡರ ನಡುವೆ ಹೊಸ ತಳಿ ಸೇರಿಸಿದರೆ ಹಳೆಯ ಕಡ್ಡಿ ಚೀಲಗಳೆಲ್ಲ ಆ ತಳಿಯ ಲೆಕ್ಕಕ್ಕೆ ಹೋಗುತ್ತವೆ.

ನಮ್ಮ ಅಂಗಡಿಯಲ್ಲಿ ಈಗ ಡಬ್ಬಿ ಒಂದೇ ಸಾಲಿನಲ್ಲಿದೆ. ಹಳೆಯ ದಾಖಲೆಯ ‘ಡಬಿ’ಗಳನ್ನು ಮಾತ್ರ ಕೂತು ಕೈಯಿಂದಲೇ ತಿದ್ದಬೇಕಾಯಿತು.